ಆಪ್ಷನ್ಸ್ ಟ್ರೇಡಿಂಗ್ ಕಲಿಯುವುದು ಹೇಗೆ? ನಷ್ಟದ ಮಿತಿ ಮೊದಲು, ಲಾಭದ ಲೆಕ್ಕ ಆಮೇಲೆ

"ಆಪ್ಷನ್ಸ್ ಕಲೀಬೇಕು, ಎಲ್ಲಿಂದ ಶುರು ಮಾಡಲಿ?" ಷೇರಿನ ಬಗ್ಗೆ ಏನೇ ಬರೆದರೂ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಎರಡು ಬಗೆ. ಕೆಲವು ವರ್ಷಗಳಿಂದ ಷೇರು, ಮ್ಯೂಚುವಲ್ ಫಂಡ್ ಇಟ್ಟುಕೊಂಡು ಮುಂದೇನು ಎನ್ನುವವರು ಒಂದು ಕಡೆ. ಟೆಲಿಗ್ರಾಂ ಗುಂಪಿನ ಟಿಪ್ಸ್ ನಂಬಿ ಆಗಲೇ ದುಡ್ಡು ಕಳೆದುಕೊಂಡು, ಅದನ್ನು ವಾಪಸ್ ಪಡೆಯಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಲಿಯಬೇಕಾದ ಕ್ರಮ ಒಂದೇ. ಎರಡನೆಯವರಿಗೆ ಮಾತ್ರ ಒಂದು ವಿನಂತಿ: ಈ ಲೇಖನದ ನಾಲ್ಕನೇ ಹಂತ ಮುಗಿಯುವ ತನಕ ಹೊಸ ಟ್ರೇಡ್ ಹಾಕಬೇಡಿ.

ಬ್ರೋಕರ್ ಆ್ಯಪ್ ತೆರೆದಾಗ ಬರುವ ಎಚ್ಚರಿಕೆಯನ್ನು ಓದದೆ ಮುಚ್ಚುವವರೇ ಹೆಚ್ಚು. ಅದರ ಹಿಂದಿನ ಅಂಕಿಗಳು ಇವು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93ರಷ್ಟು ಮಂದಿಗೆ ನಷ್ಟವಾಗಿದೆ. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಖರ್ಚೆಲ್ಲ ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1ರಷ್ಟು ಮಾತ್ರ. 2024-25ರ ಲೆಕ್ಕದಲ್ಲೂ ನಷ್ಟವಾದವರ ಪಾಲು ಶೇ 91. ನಿಮ್ಮನ್ನು ಹೆದರಿಸಿ ಓಡಿಸಲು ಇದನ್ನು ಹೇಳುತ್ತಿಲ್ಲ. ಇಲ್ಲಿ ಕಲಿಕೆ ಎಂದರೆ ಲಾಭದ ಸೂತ್ರ ಹುಡುಕುವುದಲ್ಲ. ಟ್ರೇಡ್ ಹಾಕುವ ಮುಂಚೆಯೇ 'ಇದರಲ್ಲಿ ಅತಿ ಹೆಚ್ಚೆಂದರೆ ಎಷ್ಟು ಹೋಗಬಹುದು' ಎಂದು ರೂಪಾಯಿ ಲೆಕ್ಕದಲ್ಲಿ ಬರೆದಿಡಲು ಬರುವುದು. ಮುಂದಿನ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ.

ಮೊದಲು ಏನೇನು ಬೇಕು

ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆ ಇದ್ದರೂ ಡೆರಿವೇಟಿವ್ಸ್, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗವನ್ನು ಪ್ರತ್ಯೇಕವಾಗಿ ತೆರೆಸಿಕೊಳ್ಳಬೇಕು. ಅದಕ್ಕೆ ಆದಾಯದ ಪುರಾವೆ ಬೇಕು: ಐಟಿ ರಿಟರ್ನ್, ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಸಾಕು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿರಲಿ, ಆರೋಗ್ಯ ವಿಮೆ ಇರಲಿ. ಪರ್ಸನಲ್ ಲೋನ್, ಚಿನ್ನದ ಸಾಲ, ಚೀಟಿ ಎತ್ತಿದ ಹಣ ಇಲ್ಲಿಗೆ ಬರಕೂಡದು. ಒಂದು ನೋಟ್‌ಬುಕ್ ಬೇಕು. ಎಕ್ಸೆಲ್ ಹಾಳೆಯಾದರೂ ಆದೀತು.

ಹಂತ 1: ಮೂಲ ಪದಗಳು

ಸೈಟು ಕೊಳ್ಳುವಾಗ ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳುತ್ತೀರಿ: ಮೂರು ತಿಂಗಳೊಳಗೆ 40 ಲಕ್ಷಕ್ಕೆ ನನಗೇ ಕೊಡಬೇಕು ಎಂದು. ಬೆಲೆ 50 ಲಕ್ಷಕ್ಕೆ ಏರಿದರೂ ಮಾಲೀಕರು 40ಕ್ಕೇ ಕೊಡಬೇಕು. ಬೆಲೆ ಬಿದ್ದರೆ ಮುಂಗಡ ಬಿಟ್ಟು ನೀವು ಹಿಂದೆ ಸರಿಯಬಹುದು. ಕಾಲ್ ಆಪ್ಷನ್ ಎಂದರೆ ಇದೇ. ಆ ಮುಂಗಡವೇ ಪ್ರೀಮಿಯಂ, 40 ಲಕ್ಷ ಎಂಬ ನಿಗದಿತ ಬೆಲೆಯೇ ಸ್ಟ್ರೈಕ್, ಮೂರು ತಿಂಗಳ ಗಡುವೇ ಎಕ್ಸ್‌ಪೈರಿ. ಕಾಲ್ ಕೊಂಡವರಿಗೆ ಖರೀದಿಸುವ ಹಕ್ಕು, ಪುಟ್ ಕೊಂಡವರಿಗೆ ಮಾರುವ ಹಕ್ಕು. ಈ ಹಕ್ಕನ್ನು ನಿಮಗೆ ಮಾರಿದವರಿಗೆ ಹಕ್ಕಿಲ್ಲ, ಬಾಧ್ಯತೆ ಮಾತ್ರ. ಹಾಗಾಗಿ ಕೊಂಡವರ ನಷ್ಟ ಪ್ರೀಮಿಯಂಗೆ ನಿಲ್ಲುತ್ತದೆ. ಮಾರಿದವರ ಲಾಭ ಪ್ರೀಮಿಯಂಗೆ ನಿಲ್ಲುತ್ತದೆ, ನಷ್ಟ ನಿಲ್ಲುವುದಿಲ್ಲ.

ಸ್ಟ್ರೈಕ್ ದಾಟಿ ಈಗಾಗಲೇ ಬೆಲೆಯುಳ್ಳ ಆಪ್ಷನ್‌ಗೆ 'ಇನ್ ದಿ ಮನಿ' ಎನ್ನುತ್ತಾರೆ, ಮಾರುಕಟ್ಟೆ ಬೆಲೆಯ ಹತ್ತಿರವೇ ಇದ್ದರೆ 'ಅಟ್ ದಿ ಮನಿ', ಇನ್ನೂ ದೂರವಿದ್ದರೆ 'ಔಟ್ ಆಫ್ ದಿ ಮನಿ'. ಹೊಸಬರು ಎಡವುವುದು ಈ ಕೊನೆಯದರಲ್ಲಿ. ಎಕ್ಸ್‌ಪೈರಿ ದಿನ ಮೂರು ರೂಪಾಯಿ, ಐದು ರೂಪಾಯಿಗೆ ಸಿಗುವ ಆಪ್ಷನ್ ಅಗ್ಗವಾಗಿ ಕಾಣುತ್ತದೆ. ಅದು ಸೊನ್ನೆಯಾಗುವ ಸಾಧ್ಯತೆಯೇ ಹೆಚ್ಚು ಎಂದು ಮಾರುಕಟ್ಟೆ ಲೆಕ್ಕ ಹಾಕಿರುವುದರಿಂದಲೇ ಆ ಬೆಲೆ.

ಸರಿಯಾದ ಪಠ್ಯ ಬೇಕೆಂದರೆ, ಸೆಬಿ ಸ್ಥಾಪಿಸಿದ ನಿಸ್ಮ್ ಸಂಸ್ಥೆಯ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆಯ ಅಭ್ಯಾಸ ಪುಸ್ತಕ ಉಚಿತವಾಗಿ ಸಿಗುತ್ತದೆ. ಪರೀಕ್ಷೆ ಬರೆಯಲೇಬೇಕೆಂದಿಲ್ಲ. ಐವತ್ತು ಸಾವಿರ ಕೊಟ್ಟು ಕೋರ್ಸ್ ಸೇರುವ ಮೊದಲು ಅದನ್ನೊಮ್ಮೆ ಮುಗಿಸಿ. ಕಲಿಸುವವರ ವಿಷಯದಲ್ಲಿ ಒಂದು ಗುರುತು ನೆನಪಿಡಿ: ಶಿಕ್ಷಣದ ಹೆಸರಿನಲ್ಲಿ ಕಳೆದ ಮೂರು ತಿಂಗಳ ಬೆಲೆಗಳನ್ನು ತೋರಿಸಿ ಯಾವುದೇ ಷೇರಿನ ಮುಂದಿನ ಬೆಲೆ ಹೇಳುವಂತಿಲ್ಲ ಎಂದು ಸೆಬಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನೋಂದಣಿ ಇಲ್ಲದೆ 'ಲೈವ್ ಮಾರ್ಕೆಟ್‌ನಲ್ಲೇ ಕಲಿಸಿ ಟಿಪ್ಸ್ ಕೊಡುತ್ತೇವೆ' ಎನ್ನುವವರಿಂದ ದೂರವಿರಿ.

ಹಂತ 2: ಪ್ರೀಮಿಯಂ ಏಕೆ ಏರುತ್ತದೆ, ಏಕೆ ಕರಗುತ್ತದೆ

'ನಿಫ್ಟಿ ಏರಿತು, ಆದರೂ ನನ್ನ ಕಾಲ್ ಇಳಿಯಿತು, ಏಕೆ?' ಎಂದು ಬಹಳ ಜನ ಕೇಳುತ್ತಾರೆ. ಪ್ರೀಮಿಯಂ ಅನ್ನು ಮೂರು ಶಕ್ತಿಗಳು ಎಳೆದಾಡುತ್ತವೆ.

ಒಂದು, ದಿಕ್ಕು. ನಿಫ್ಟಿ ಒಂದು ಅಂಕ ಚಲಿಸಿದರೆ ಪ್ರೀಮಿಯಂ ಎಷ್ಟು ಚಲಿಸುತ್ತದೆ ಎಂಬ ಅಳತೆಗೆ ಡೆಲ್ಟಾ ಎನ್ನುತ್ತಾರೆ. ಅಟ್ ದಿ ಮನಿ ಕಾಲ್‌ನ ಡೆಲ್ಟಾ 0.5ರ ಆಸುಪಾಸು, ನಿಫ್ಟಿ 100 ಅಂಕ ಏರಿದರೆ ಪ್ರೀಮಿಯಂ ಸುಮಾರು 50 ಏರಬೇಕು. ಎರಡು, ಸಮಯ. ದಿನ ಕಳೆದಂತೆ ಪ್ರೀಮಿಯಂ ಕರಗುವ ವೇಗವೇ ಥೀಟಾ. ಎಕ್ಸ್‌ಪೈರಿ ಹತ್ತಿರವಾದಷ್ಟೂ ಅದು ಜೋರು. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿದ್ದರೂ ಸಮಯ ನಿಲ್ಲುವುದಿಲ್ಲ.

ಮೂರನೆಯದನ್ನು ಹೆಚ್ಚಿನವರು ಕಲಿಯುವುದೇ ಇಲ್ಲ: ಇಂಪ್ಲೈಡ್ ವೊಲಾಟಿಲಿಟಿ, ಚಿಕ್ಕದಾಗಿ ಐವಿ. ಮುಂದೆ ಬೆಲೆ ಎಷ್ಟು ಹೊಯ್ದಾಡಬಹುದು ಎಂಬ ಮಾರುಕಟ್ಟೆಯ ನಿರೀಕ್ಷೆ ಅದು. ನಿಫ್ಟಿ ಆಪ್ಷನ್‌ಗಳ ಐವಿಯನ್ನು ಒಟ್ಟುಗೂಡಿಸಿ ಹೇಳುವ ಸೂಚ್ಯಂಕವೇ ಇಂಡಿಯಾ ವಿಕ್ಸ್. ಬಜೆಟ್, ಚುನಾವಣಾ ಫಲಿತಾಂಶ, ಕಂಪನಿಯ ತ್ರೈಮಾಸಿಕ ವರದಿ ಬರುವ ಮುಂಚೆ ಐವಿ ಉಬ್ಬಿ, ಸುದ್ದಿ ಹೊರಬಿದ್ದ ಕೂಡಲೇ ಕುಸಿಯುತ್ತದೆ.

ಇದನ್ನು ಅರಿಯಲು 2024ರ ಜೂನ್ ಮೊದಲ ವಾರದ ಚಾರ್ಟ್ ತೆರೆದು ನೋಡಿ. ಲೋಕಸಭಾ ಫಲಿತಾಂಶ ಬಂದ ಜೂನ್ 4ರಂದು ನಿಫ್ಟಿ ಒಂದೇ ದಿನ 1,379 ಅಂಕ, ಅಂದರೆ ಶೇ 5.9ರಷ್ಟು ಬಿತ್ತು. ರಕ್ಷಣೆಯಿಲ್ಲದೆ ಪುಟ್ ಮಾರಿದ್ದವರ ಪಾಲಿಗೆ ಅದು ಕರಾಳ ದಿನ. ಮರುದಿನ ನಿಫ್ಟಿ 735 ಅಂಕ ಚೇತರಿಸಿಕೊಂಡಿತು; ವಿಕ್ಸ್ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಜೂನ್ 4ರ ಗಾಬರಿಯಲ್ಲಿ ದುಬಾರಿ ಪುಟ್ ಕೊಂಡು ಇಟ್ಟುಕೊಂಡವರಿಗೆ ದಿಕ್ಕಿನಿಂದಲೂ ಪೆಟ್ಟು, ಐವಿಯಿಂದಲೂ ಪೆಟ್ಟು. ಎರಡೇ ದಿನಗಳಲ್ಲಿ ಮಾರಿದವರೂ ಕೊಂಡವರೂ ಹೇಗೆ ಸೋಲಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ಗೊತ್ತಿಲ್ಲ.

ಹಂತ 3: ನಮ್ಮ ಮಾರುಕಟ್ಟೆಯ ನಿಯಮಗಳು

ವಿದೇಶಿ ವೀಡಿಯೊ ನೋಡಿ ಕಲಿತವರು ಇಲ್ಲಿ ತಪ್ಪುತ್ತಾರೆ. ಅಮೆರಿಕದಲ್ಲಿ ಕಂಪನಿ ಷೇರಿನ ಆಪ್ಷನ್ ಅನ್ನು ಎಕ್ಸ್‌ಪೈರಿಗೆ ಮುಂಚೆಯೇ ಚಲಾಯಿಸಬಹುದು. ನಮ್ಮಲ್ಲಿ ಎಕ್ಸ್‌ಪೈರಿ ದಿನವೇ ಇತ್ಯರ್ಥ. ಅದಕ್ಕೆ ಮುಂಚೆ ಬೇಡವೆಂದರೆ ಆಪ್ಷನ್ ಅನ್ನೇ ಮಾರಿ ಹೊರಬರಬೇಕು.

ಆಪ್ಷನ್ ಒಂದೊಂದಾಗಿ ಸಿಗುವುದಿಲ್ಲ, ಲಾಟ್ ಲೆಕ್ಕ, ಅಂದರೆ ನಿಗದಿತ ಸಂಖ್ಯೆಯ ಕಟ್ಟು. ಸೂಚ್ಯಂಕದ ಒಪ್ಪಂದ ಕನಿಷ್ಠ 15 ಲಕ್ಷ ರೂಪಾಯಿಯದ್ದಾಗಿರಬೇಕು ಎಂದು ಸೆಬಿ 2024ರ ಅಕ್ಟೋಬರ್‌ನಲ್ಲಿ ನಿಯಮ ತಂದಿತು. ಅದೇ ಆದೇಶದಂತೆ ವಾರದ ಎಕ್ಸ್‌ಪೈರಿ ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕಕ್ಕೆ ಉಳಿಯಿತು: ಎನ್ಎಸ್ಇಯಲ್ಲಿ ನಿಫ್ಟಿ, ಬಿಎಸ್ಇಯಲ್ಲಿ ಸೆನ್ಸೆಕ್ಸ್. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯದ್ದು ಮಂಗಳವಾರ, ಸೆನ್ಸೆಕ್ಸ್‌ನದ್ದು ಗುರುವಾರ. ಲಾಟ್ ಗಾತ್ರವೂ ಎಕ್ಸ್‌ಪೈರಿ ದಿನವೂ ಬದಲಾಗುತ್ತ ಬಂದಿರುವುದರಿಂದ, ಟ್ರೇಡ್‌ಗೆ ಮುಂಚೆ ಎಕ್ಸ್‌ಚೇಂಜ್ ತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಅತಿ ಮುಖ್ಯವಾದದ್ದು ಇತ್ಯರ್ಥದ ರೀತಿ. ನಿಫ್ಟಿಯಂಥ ಸೂಚ್ಯಂಕದ ಆಪ್ಷನ್ ನಗದಿನಲ್ಲಿ ಮುಗಿಯುತ್ತದೆ. ಆದರೆ ಕಂಪನಿ ಷೇರಿನ ಆಪ್ಷನ್‌ಗಳು 2019ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಷೇರು ಕೊಟ್ಟು ಪಡೆಯುವ ಪದ್ಧತಿಗೆ ಬಂದಿವೆ. ನೀವು 8,000 ರೂಪಾಯಿಗೆ ಕೊಂಡ ಕಾಲ್ ಎಕ್ಸ್‌ಪೈರಿ ದಿನ ಇನ್ ದಿ ಮನಿಯಲ್ಲಿ ನಿಂತರೆ, ಇಡೀ ಲಾಟ್ ಷೇರಿಗೆ ಐದಾರು ಲಕ್ಷ ಕಟ್ಟಬೇಕು. ಪುಟ್ ಆಗಿದ್ದು, ಷೇರು ನಿಮ್ಮ ಬಳಿ ಇಲ್ಲದಿದ್ದರೆ ಆ ಷೇರನ್ನು ಹರಾಜಿನಲ್ಲಿ ಕೊಂಡು ತಲುಪಿಸುವ ದಂಡ ಬೀಳುತ್ತದೆ. ಕೊನೆಯ ನಾಲ್ಕು ದಿನಗಳಲ್ಲಿ ಮಾರ್ಜಿನ್, ಅಂದರೆ ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಹಣ, ಹಂತಹಂತವಾಗಿ ಏರುವುದೂ ಇದಕ್ಕಾಗಿಯೇ. ಕಲಿಯುವ ಅವಧಿಯಲ್ಲಿ ಕಂಪನಿ ಆಪ್ಷನ್ ಅನ್ನು ಕೊನೆಯ ವಾರಕ್ಕೆ ಒಯ್ಯಲೇಬೇಡಿ.

ಹಂತ 4: ಹಣ ಹಾಕದೆ ಅಭ್ಯಾಸ

ಎನ್ಎಸ್ಇ ತಾಣದಲ್ಲಿ ಆಪ್ಷನ್ ಚೈನ್, ಅಂದರೆ ಎಲ್ಲ ಸ್ಟ್ರೈಕ್‌ಗಳ ಬೆಲೆಪಟ್ಟಿ, ಉಚಿತವಾಗಿ ಸಿಗುತ್ತದೆ. ಕನಿಷ್ಠ ಮೂರು ಮಾಸಿಕ ಎಕ್ಸ್‌ಪೈರಿಗಳವರೆಗೆ ನೋಟ್‌ಬುಕ್‌ನಲ್ಲೇ ಟ್ರೇಡ್ ಮಾಡಿ. ಕೊಳ್ಳುವಾಗ ಮಾರುವವರು ಕೇಳುವ ಬೆಲೆಯನ್ನೂ, ಮಾರುವಾಗ ಕೊಳ್ಳುವವರು ಕೊಡುವ ಬೆಲೆಯನ್ನೂ ಬರೆಯಿರಿ. ಇವೆರಡರ ನಡುವಿನ ಬೆಲೆ ಬರೆದುಕೊಂಡರೆ ಫಲಿತಾಂಶ ಸುಳ್ಳಾಗುತ್ತದೆ. ಪ್ರತಿ ಟ್ರೇಡ್‌ಗೂ ನಾಲ್ಕು ಸಾಲು: ಏಕೆ ಪ್ರವೇಶಿಸಿದೆ, ಗರಿಷ್ಠ ನಷ್ಟವೆಷ್ಟು, ಎಲ್ಲಿ ಹೊರಬರುತ್ತೇನೆ, ಐವಿ ಎಷ್ಟಿತ್ತು.

ಎರಡನೇ ಸಾಲು ತುಂಬಲು ಬಾರದ ಟ್ರೇಡ್ ಇದ್ದರೆ ಅದು ನಿಮಗಿನ್ನೂ ಅರ್ಥವಾಗಿಲ್ಲ. ಅಲ್ಲಿಂದ ಮೊದಲ ಹಂತಕ್ಕೆ ಹಿಂತಿರುಗಿ.

ಹಂತ 5: ಕಲಿಯಬೇಕಾದ ನಾಲ್ಕು ತಂತ್ರಗಳು

ಹೆಸರುಗಳು ಹತ್ತಾರು ಇವೆ. ಹೂಡಿಕೆದಾರರಿಗೆ ನಾಲ್ಕು ಸಾಕು, ಅದೂ ಈ ಕ್ರಮದಲ್ಲಿ. ಕೆಳಗಿನ ಬೆಲೆಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು.

ಮೊದಲನೆಯದು ಪ್ರೊಟೆಕ್ಟಿವ್ ಪುಟ್, ಕೈಯಲ್ಲಿರುವ ಷೇರಿಗೆ ವಿಮೆ. ನಿಮ್ಮ ಬಳಿ 1,500 ರೂಪಾಯಿಯ 400 ಷೇರುಗಳಿವೆ, ಲಾಟ್ ಕೂಡ 400 ಎಂದುಕೊಳ್ಳಿ. 1,440ರ ಪುಟ್ ಅನ್ನು 22 ರೂಪಾಯಿಗೆ ಕೊಂಡರೆ ಖರ್ಚು 8,800. ಎಕ್ಸ್‌ಪೈರಿಗೆ ಷೇರು 1,200ಕ್ಕೆ ಬಿದ್ದರೂ ನಿಮ್ಮ ನಷ್ಟ ಷೇರಿಗೆ 60 ಮತ್ತು ಪ್ರೀಮಿಯಂ 22, ಒಟ್ಟು 32,800ಕ್ಕೆ ನಿಲ್ಲುತ್ತದೆ. ಆದರೆ ಪ್ರತಿ ತಿಂಗಳೂ ಹೀಗೆ ಕೊಳ್ಳುತ್ತ ಹೋದರೆ ವರ್ಷಕ್ಕೆ ಷೇರಿನ ಬೆಲೆಯ ಶೇ 17ಕ್ಕಿಂತ ಹೆಚ್ಚು ವಿಮೆಗೇ ಹೋಗುತ್ತದೆ. ಆದ್ದರಿಂದ ಇದು ನಿಜವಾದ ಆತಂಕದ ಕಾಲಕ್ಕೆ ಮಾತ್ರ.

ಎರಡನೆಯದು ಕವರ್ಡ್ ಕಾಲ್. ಅದೇ 400 ಷೇರು ಇಟ್ಟುಕೊಂಡು 1,580ರ ಕಾಲ್ ಅನ್ನು 20 ರೂಪಾಯಿಗೆ ಮಾರಿದರೆ 8,000 ಕೈಗೆ ಬರುತ್ತದೆ. ಷೇರು 1,580ರೊಳಗೆ ಉಳಿದರೆ ಆ ಹಣ ನಿಮ್ಮದು. 1,700ಕ್ಕೆ ಹಾರಿದರೂ 1,580ಕ್ಕೇ ಕೊಡಬೇಕು. ಒಟ್ಟು ಲಾಭ 40,000ಕ್ಕೆ ಸೀಮಿತ. 1,400ಕ್ಕೆ ಬಿದ್ದರೆ 32,000 ನಷ್ಟ, ಏಕೆಂದರೆ 20 ರೂಪಾಯಿ ಅಷ್ಟೇ ತಡೆಯುತ್ತದೆ. ಇದನ್ನು 'ಷೇರಿನಿಂದ ತಿಂಗಳ ಬಾಡಿಗೆ' ಎಂದು ಹೇಳಿ ಮಾರುವವರು ಈ ಎರಡನೇ ಭಾಗವನ್ನು ಹೇಳುವುದಿಲ್ಲ. ತೀರಾ ಹಿಂದೆ ಕೊಂಡು ಮಕ್ಕಳಿಗೆಂದು ಇಟ್ಟ ಷೇರಿನ ಮೇಲೆ ಕವರ್ಡ್ ಕಾಲ್ ಬೇಡ: ಷೇರು ಕೈತಪ್ಪಬಹುದು, ಜೊತೆಗೆ ಬಂಡವಾಳ ಲಾಭದ ತೆರಿಗೆಯೂ ಬೀಳುತ್ತದೆ. ಷೇರನ್ನು ಮಾರ್ಜಿನ್‌ಗೆ ಪ್ಲೆಜ್, ಅಂದರೆ ಅಡವು ಇಟ್ಟಿದ್ದರೆ, ಎಕ್ಸ್‌ಪೈರಿಗೆ ಅದನ್ನು ಬಿಡಿಸುವ ಕ್ರಮವೇನೆಂದು ಬ್ರೋಕರ್‌ಗೆ ಮುಂಚೆಯೇ ಕೇಳಿಡಿ.

ಮೂರನೆಯದು ಬುಲ್ ಕಾಲ್ ಸ್ಪ್ರೆಡ್. ನಿಫ್ಟಿ 25,000ದಲ್ಲಿದೆ, ಲಾಟ್ 65 ಎಂದಿಟ್ಟುಕೊಳ್ಳೋಣ. 25,000ದ ಕಾಲ್ ಮಾತ್ರ 200 ರೂಪಾಯಿಗೆ ಕೊಂಡರೆ 13,000 ಅಪಾಯದಲ್ಲಿರುತ್ತದೆ. ಲಾಭ ಶುರುವಾಗಲು ನಿಫ್ಟಿ ಎಕ್ಸ್‌ಪೈರಿಗೆ 25,200 ದಾಟಬೇಕು. ಅದರ ಜೊತೆಗೇ 25,300ರ ಕಾಲ್ ಅನ್ನು 90ಕ್ಕೆ ಮಾರಿದರೆ ನಿವ್ವಳ ಖರ್ಚು 110. ಗರಿಷ್ಠ ನಷ್ಟ 7,150, ಗರಿಷ್ಠ ಲಾಭ 12,350, ಲಾಭ ಶುರುವಾಗುವುದು 25,110ರಿಂದ. ಆಕಾಶಕ್ಕೇರುವ ಲಾಭದ ಆಸೆ ಬಿಟ್ಟುಕೊಟ್ಟು ಅಪಾಯವನ್ನು ಅರ್ಧದಷ್ಟಕ್ಕೆ ಇಳಿಸಿದಿರಿ; ಥೀಟಾ, ಐವಿ ಎರಡರ ಪೆಟ್ಟೂ ಕಡಿಮೆಯಾಯಿತು. ಇಳಿಯುತ್ತದೆ ಎನಿಸಿದರೆ ಪುಟ್‌ಗಳಲ್ಲಿ ಇದನ್ನೇ ಮಾಡಿದರೆ ಬೇರ್ ಪುಟ್ ಸ್ಪ್ರೆಡ್. ನನ್ನನ್ನು ಕೇಳಿದರೆ, ಹೊಸಬರು ಮೊದಲ ವರ್ಷವಿಡೀ ಇದೊಂದರಲ್ಲೇ ಇದ್ದರೂ ತಪ್ಪಿಲ್ಲ.

ನಾಲ್ಕನೆಯದು ಬುಲ್ ಪುಟ್ ಸ್ಪ್ರೆಡ್. 24,700ರ ಪುಟ್ ಅನ್ನು 100ಕ್ಕೆ ಮಾರಿ, 24,500ರ ಪುಟ್ ಅನ್ನು 55ಕ್ಕೆ ಕೊಂಡರೆ 45 ರೂಪಾಯಿ, ಅಂದರೆ 2,925 ಮೊದಲೇ ಖಾತೆಗೆ ಬರುತ್ತದೆ. ನಿಫ್ಟಿ ಸ್ವಲ್ಪ ಇಳಿದರೂ, ನಿಂತಲ್ಲೇ ನಿಂತರೂ ಲಾಭ. ಗೆಲುವುಗಳು ಮೇಲಿಂದ ಮೇಲೆ ಬರುತ್ತವೆ, ಅದೇ ಇದರ ಮೋಹ. ಆದರೆ ಒಂದು ಸೋಲು 10,075. ಅದನ್ನು ತುಂಬಲು ಹೆಚ್ಚುಕಡಿಮೆ ಮೂರೂವರೆ ಗೆಲುವು ಬೇಕು. 'ನನ್ನ ಹತ್ತರಲ್ಲಿ ಏಳು ಟ್ರೇಡ್ ಗೆಲ್ಲುತ್ತೆ' ಎನ್ನುವವರೂ ವರ್ಷದ ಕೊನೆಗೆ ನಷ್ಟದಲ್ಲಿರುವುದು ಹೀಗೆ: ಏಳು ಗೆಲುವಿಗೆ 20,475, ಮೂರು ಸೋಲಿಗೆ 30,225.

ಐರನ್ ಕಾಂಡರ್ ಎಂದರೆ ಈ ಬಗೆಯ ಎರಡು ಸ್ಪ್ರೆಡ್‌ಗಳ ಜೋಡಿ. ಮೇಲಿನವು ಕರಗತವಾದ ಮೇಲೆ ನೋಡಿಕೊಳ್ಳಬಹುದು.

ಪಟ್ಟಿಯಲ್ಲಿ ಬೇಕೆಂದೇ ಬಿಟ್ಟದ್ದು ನೇಕೆಡ್ ಸೆಲ್ಲಿಂಗ್, ಅಂದರೆ ರಕ್ಷಣೆಗೆ ಇನ್ನೊಂದು ಆಪ್ಷನ್ ಕೊಳ್ಳದೆ ಬರಿದೇ ಮಾರುವುದು. ಶಾರ್ಟ್ ಸ್ಟ್ರಾಡಲ್, ಸ್ಟ್ರಾಂಗಲ್ ಎಂಬ ಹೆಸರಿನಲ್ಲಿ ಇದು ಜನಪ್ರಿಯ. 'ಸ್ಟಾಪ್‌ಲಾಸ್ ಇದೆಯಲ್ಲ', ಅಂದರೆ ಗೊತ್ತುಮಾಡಿದ ಬೆಲೆ ಮುಟ್ಟಿದರೆ ತಾನಾಗಿ ಹೊರಬರುವ ಆರ್ಡರ್ ಇದೆಯಲ್ಲ ಎಂಬ ಧೈರ್ಯ ಬೇಡ. 2023ರ ಏಪ್ರಿಲ್ 13ರ ಗುರುವಾರ ಸಂಜೆ ನಮ್ಮ ಬೆಂಗಳೂರಿನ ಇನ್ಫೊಸಿಸ್ ತನ್ನ ಫಲಿತಾಂಶ ಪ್ರಕಟಿಸಿತು. ಮರುದಿನ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಷೇರು ದೊಡ್ಡ ಕುಸಿತದೊಂದಿಗೇ ತೆರೆದು, ದಿನದ ಕೊನೆಗೆ ಶೇ 9ಕ್ಕಿಂತ ಹೆಚ್ಚು ಕೆಳಗೆ ಮುಗಿಯಿತು. ನಡುವೆ ನಿಮ್ಮ ಸ್ಟಾಪ್‌ಲಾಸ್ ಬೆಲೆಗೆ ವಹಿವಾಟೇ ನಡೆಯದಿದ್ದರೆ ಅದು ನಿಮ್ಮನ್ನು ಕಾಯುವುದಾದರೂ ಹೇಗೆ?

ಹಂತ 6: ಮೊದಲ ನಿಜವಾದ ಆರ್ಡರ್

ಒಂದೇ ಲಾಟ್. ಮಾಸಿಕ ಎಕ್ಸ್‌ಪೈರಿ, ವಾರದ್ದು ಬೇಡ. ಸಿಕ್ಕ ಬೆಲೆಗೆ ಮುಗಿಯುವ ಮಾರ್ಕೆಟ್ ಆರ್ಡರ್ ಬೇಡವೇ ಬೇಡ, ಬೆಲೆಯನ್ನು ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ. ಕಂಪನಿ ಆಪ್ಷನ್‌ಗಳ ದೂರದ ಸ್ಟ್ರೈಕ್‌ಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ದೊಡ್ಡದಿರುತ್ತದೆ. ಅಲ್ಲಿ ಹೊಕ್ಕ ಕ್ಷಣವೇ ನಷ್ಟ.

ಸ್ಪ್ರೆಡ್ ಹಾಕುವಾಗ ಮೊದಲು ಕೊಳ್ಳುವ ಆಪ್ಷನ್, ಆಮೇಲೆ ಮಾರುವುದು. ಹೀಗೆ ಮಾಡಿದರೆ ಮಾರ್ಜಿನ್ ಕಡಿಮೆ ಸಾಕಾಗುತ್ತದೆ. ಹೊರಬರುವಾಗ ಕ್ರಮ ತಿರುವುಮುರುವು: ಮಾರಿದ್ದನ್ನು ಮೊದಲು ವಾಪಸ್ ಕೊಂಡು, ನಂತರ ಕೊಂಡಿದ್ದನ್ನು ಮಾರಿ. ಲಾಭದಲ್ಲಿದೆಯೆಂದು ಕೊಂಡಿದ್ದ ಆಪ್ಷನ್ ಅನ್ನು ಮಾತ್ರ ಮೊದಲು ಮಾರಿಬಿಟ್ಟರೆ ಉಳಿದದ್ದು ನೇಕೆಡ್ ಆಗುತ್ತದೆ, ಮಾರ್ಜಿನ್ ಏಕಾಏಕಿ ಲಕ್ಷ ದಾಟುತ್ತದೆ, ಬ್ರೋಕರ್ ತಾನೇ ನಿಮ್ಮ ಪೊಸಿಷನ್ ಮುಚ್ಚಬಹುದು.

ಖರ್ಚನ್ನು ಲೆಕ್ಕದಲ್ಲಿ ಸೇರಿಸಿ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಮುದ್ರಾಂಕ ಶುಲ್ಕ ಮತ್ತು ಷೇರು ವಹಿವಾಟು ತೆರಿಗೆಯಾದ ಎಸ್‌ಟಿಟಿ. ಆಪ್ಷನ್ ಮಾರಾಟದ ಎಸ್‌ಟಿಟಿ 2024ರ ಅಕ್ಟೋಬರ್‌ನಲ್ಲಿ ಪ್ರೀಮಿಯಂನ ಶೇ 0.0625ರಿಂದ ಶೇ 0.1ಕ್ಕೆ ಏರಿತು; ನೀವು ಶುರು ಮಾಡುವಾಗ ಯಾವ ದರವಿದೆ ಎಂದು ಬ್ರೋಕರ್‌ನ ಲೆಕ್ಕಪಟ್ಟಿಯಲ್ಲಿ ನೋಡಿ. 2023-24ರಲ್ಲಿ ಒಬ್ಬೊಬ್ಬರು ಸರಾಸರಿ 26,000 ರೂಪಾಯಿ ಇಂಥ ಖರ್ಚಿಗೇ ತೆತ್ತಿದ್ದಾರೆ ಎನ್ನುತ್ತದೆ ಸೆಬಿ ಅಧ್ಯಯನ.

ಹಂತ 7: ಎಷ್ಟು ಹಣ, ಎಲ್ಲಿ ನಿಲ್ಲುವುದು

ನಿಮ್ಮ ಒಟ್ಟು ಹೂಡಿಕೆಯ ಶೇ 5ಕ್ಕಿಂತ ಹೆಚ್ಚು ಇದಕ್ಕೆ ಬೇಡ. ಆ ಮೊತ್ತದಲ್ಲಿ ಒಂದು ಟ್ರೇಡ್‌ನ ಗರಿಷ್ಠ ನಷ್ಟ ಶೇ 5 ಮೀರಬಾರದು ಎಂಬುದು ನಾನು ಹೇಳುವ ಮಿತಿ. ಮೇಲಿನ ಬುಲ್ ಕಾಲ್ ಸ್ಪ್ರೆಡ್‌ನ 7,150 ರೂಪಾಯಿಯನ್ನೇ ತೆಗೆದುಕೊಂಡರೆ, ಸುಮಾರು 1.43 ಲಕ್ಷ ಪ್ರತ್ಯೇಕವಾಗಿರಬೇಕು. ಅದರ ಹಿಂದೆ ಸುಮಾರು 29 ಲಕ್ಷದ ಹೂಡಿಕೆ ಇರಬೇಕು. ಅಷ್ಟಿಲ್ಲದಿದ್ದರೆ? ನೂರು ಅಂಕ ಅಂತರದ ಚಿಕ್ಕ ಸ್ಪ್ರೆಡ್ ಆರಿಸಿ, ಇಲ್ಲವೇ ಕಾಗದದ ಮೇಲೆಯೇ ಮುಂದುವರಿಸಿ. 2023-24ರಲ್ಲಿ ಈ ಮಾರುಕಟ್ಟೆಗೆ ಬಂದ ನಾಲ್ವರಲ್ಲಿ ಮೂವರು ವಾರ್ಷಿಕ 5 ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು. ಅವರಿಗೆ ನಾನು ಮನಃಪೂರ್ವಕವಾಗಿ ಹೇಳುವುದು, ಆ ದುಡ್ಡು ಸದ್ಯಕ್ಕೆ ಇಂಡೆಕ್ಸ್ ಫಂಡ್‌ನ ಎಸ್ಐಪಿಯಲ್ಲಿ ಇರಲಿ.

ತಿಂಗಳ ನಷ್ಟಕ್ಕೂ ಒಂದು ಗೆರೆ ಹಾಕಿ. ಮೂರು ಸೋಲು ಬಂದರೆ ಆ ತಿಂಗಳು ಮುಗಿಯಿತು. ಸೋತ ದಿನವೇ ಎರಡು ಲಾಟ್ ಹಾಕಿ ತುಂಬಿಕೊಳ್ಳಲು ಹೋಗುವುದೇ ಖಾತೆ ಖಾಲಿಯಾಗುವ ದಾರಿ. ನಿಮ್ಮ ಖಾತೆಯ ಪಾಸ್‌ವರ್ಡ್, ಒಟಿಪಿಯನ್ನು 'ನಾವು ನಡೆಸಿಕೊಡುತ್ತೇವೆ' ಎನ್ನುವವರಿಗೆ ಕೊಡಬೇಡಿ. ಎಕ್ಸ್‌ಚೇಂಜ್‌ಗೆ ಹೋಗದೆ ಹೊರಗೇ ನಡೆಯುವ ಡಬ್ಬಾ ಟ್ರೇಡಿಂಗ್ ಅಪರಾಧ, ಅಲ್ಲಿ ಹಣ ಹೋದರೆ ಸೆಬಿಯ ಸ್ಕೋರ್ಸ್ ದೂರು ವ್ಯವಸ್ಥೆಯೂ ನೆರವಾಗದು. ಇಲ್ಲಿಂದ ಹಣ ಕಳಿಸಿ ವಿದೇಶಿ ಎಕ್ಸ್‌ಚೇಂಜ್‌ನಲ್ಲಿ ಮಾರ್ಜಿನ್ ಕಟ್ಟಿ ಆಪ್ಷನ್ ಮಾರುವುದಕ್ಕೂ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಅವಕಾಶವಿಲ್ಲ.

ಹಂತ 8: ದಾಖಲೆ ಮತ್ತು ತೆರಿಗೆ

ಆಪ್ಷನ್ಸ್ ಆದಾಯ ಬಂಡವಾಳ ಲಾಭವಲ್ಲ. ಎಕ್ಸ್‌ಚೇಂಜ್‌ನಲ್ಲಿ ನಡೆದ ವಹಿವಾಟನ್ನು ಸಟ್ಟಾ ಅಲ್ಲದ ವ್ಯಾಪಾರದ ಆದಾಯ ಎಂದು ಪರಿಗಣಿಸುತ್ತಾರೆ. ಸಂಬಳದವರು ಒಂದೇ ಒಂದು ಟ್ರೇಡ್ ಮಾಡಿದ್ದರೂ ಸಾಮಾನ್ಯವಾಗಿ ಐಟಿಆರ್-3 ಸಲ್ಲಿಸಬೇಕಾಗುತ್ತದೆ. ಬ್ರೋಕರೇಜ್, ಇಂಟರ್ನೆಟ್‌ನಂಥ ಖರ್ಚುಗಳನ್ನು ಕಳೆಯಬಹುದು, ಅದಕ್ಕೆ ಬಿಲ್ ಇಟ್ಟುಕೊಳ್ಳಿ. ನಷ್ಟವಾದರೆ ಸಂಬಳದ ಎದುರು ಹೊಂದಿಸಲಾಗದು, ಆದರೆ ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ದು ವ್ಯಾಪಾರದ ಲಾಭದ ಎದುರು ಹೊಂದಿಸಬಹುದು. 'ನಷ್ಟ ತಾನೇ, ತೋರಿಸುವುದೇಕೆ' ಎಂದು ಬಿಡುವವರು ಬಹಳ. ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದವರಿಗಷ್ಟೇ ಈ ಸೌಲಭ್ಯ. ಹಾಗಾಗಿ ಏಪ್ರಿಲ್‌ನಲ್ಲೇ ಬ್ರೋಕರ್‌ನಿಂದ ತೆರಿಗೆ ವರದಿ ಇಳಿಸಿಕೊಂಡು, ನಿಮ್ಮ ನೋಟ್‌ಬುಕ್‌ನ ಲೆಕ್ಕದೊಂದಿಗೆ ತಾಳೆ ನೋಡಿ, ಲೆಕ್ಕಪರಿಶೋಧಕರ ಕೈಗೆ ಕೊಡಿ.